ಅತ್ತಿಗೆ ಪಳಗಿಸಿದ ಬೂಷ್ಟು

ನನ್ನ ಅತ್ತಿಗೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಬೂಷ್ಟಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರೂ ಓಗೊಡುತ್ತಿದ್ದರು. ಮದುವೆಗೆ ಮುಂಚೆ ಅಣ್ಣ ಮನೆಯಲ್ಲಿ ಮೊದಲ ಸಲ ಅವರ ವಿಷಯ ಬಾಯಿ ಬಿಟ್ಟಾಗ, "ಬೂಷ್ಟಕ್ಕ ಅಂತ ಒಬ್ಬಳು ಇದ್ದಾಳಮ್ಮ, ನಮ್ಮ ಲ್ಯಾಬಿನಲ್ಲಿ" ಅಂದಿದ್ದ. ಅಮ್ಮ ಗಾಬರಿಯಾಗಿ, "ಅಕ್ಕ ಅಂತ ಕರೆಯೋಳನ್ನ ಮದುವೆ ಆಗ್ತೀಯೇನೋ?" ಅಂದಿದ್ದಳು. ಆ ಮಾತು ನೆನೆಸಿಕೊಂಡು ನಾವು ಎಷ್ಟೋ ವರ್ಷ ನಕ್ಕಿದ್ದೇವೆ.

ರೈಲು ಹಳಿಯ ಆಚೆ ಇದ್ದ ಆ ಕಾರ್ಖಾನೆ ನಿಂಬೆ ಉಪ್ಪು ತಯಾರಿಸುತ್ತಿತ್ತು. ಶರಬತ್ತು, ಜಾಮು, ನೀರಿಗೆ ಹಾಕಿದರೆ ಬುಸುಗುಡುವ ಗುಳಿಗೆ, ಪಾತ್ರೆ ತೊಳೆಯುವ ಪುಡಿ, ಹೀಗೆ ಹುಳಿ ಬೇಕಾದ ಕಡೆಗೆಲ್ಲ ಹೋಗುವ ಬಿಳಿ ಹರಳು ಅದು. ಹೆಸರಿಗೆ ನಿಂಬೆಯೇ ಹೊರತು ಒಂದು ಹನಿ ನಿಂಬೆರಸವೂ ಅದರಲ್ಲಿಲ್ಲ. ಮನೆ ಎತ್ತರದ ಟ್ಯಾಂಕಿನಲ್ಲಿ ಸಿಹಿನೀರು ತುಂಬಿ, ಕರೀ ಬೂಷ್ಟಿನ ಬೀಜ ಹಾಕಿ, ಕೆಳಗಿನಿಂದ ಗಾಳಿ ಊದುತ್ತಾರೆ. ಬೂಷ್ಟು ಸಕ್ಕರೆ ತಿಂದು ಹುಳಿ ಬಿಡುತ್ತದೆ. ಆ ಬೂಷ್ಟನ್ನು ಸಾಕುವುದು ಅತ್ತಿಗೆಯ ಕೆಲಸ. ಪುಟ್ಟ ಕೋಣೆ, ಎರಡು ಬಾಗಿಲು, ಒಳಗೆ ಕೆಲಸದ ಹೊತ್ತಿನಲ್ಲಿ ಉರಿಯುವ ನೀಲಿ ಜ್ವಾಲೆಯ ದೀಪ, ಸಾಲುಸಾಲು ಟೆಸ್ಟ್ ಟ್ಯೂಬು. ಪ್ರತಿ ಟ್ಯೂಬಿನ ಬಾಯಿಗೂ ಹತ್ತಿ ಬಿರಡೆ. ಒಳಗಿನ ಬೂಷ್ಟು ಬಲಿತಾಗ ಮೇಲೆಲ್ಲ ಕಾಡಿಗೆ ಸುರಿದ ಹಾಗೆ ಕಪ್ಪು ಪುಡಿ ಕೂರುತ್ತಿತ್ತು. ಅದೇ ಬೀಜ.

"ನಮ್ಮನೇಲಿ ಬೂಷ್ಟು ಬಂದ್ರೆ ಬಿಸಾಕ್ತೀವಿ. ಇವಳಿಗೆ ಅದನ್ನ ಬರಿಸೋದಕ್ಕೆ ಸಂಬಳ!" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಮುಖ ಹಿಗ್ಗುತ್ತಿತ್ತು. ಸೊಸೆ ಓದಿದವಳು, ಬಿಳಿ ಕೋಟು ಹಾಕುವವಳು ಎನ್ನುವುದು ಅವಳಿಗೆ ಹೆಮ್ಮೆ. ಆ ಕೋಟು ಹೊಲಿದವಳು ನಾನು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ; ನಡುವಿನ ಕೋಣೆ ಅಮ್ಮನಿಗೂ ನನಗೂ, ಹಿಂದಿನದು ಅಣ್ಣ ಅತ್ತಿಗೆಗೆ. ಅಡಿಗೆಮನೆ ಎಷ್ಟು ಚಿಕ್ಕದೆಂದರೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ನಿಂತೇ ಮಾತಾಡಬೇಕು. ಹಾಗೆ ಬಾಗಿಲಲ್ಲಿ ನಿಂತು ಮಾತಾಡುವವನು ಯಾವಾಗಲೂ ಅಣ್ಣನೇ.

ಅವರಿಗೆ ಮಕ್ಕಳಾಗಲಿಲ್ಲ. ಮೊದಮೊದಲು ಅದರ ಮಾತು ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಆದರೆ ಅವರಿಬ್ಬರ ನಡುವೆ ಮಾತಿಗೆ ಎಂದೂ ಬರ ಇರಲಿಲ್ಲ. ಒಂದೇ ಕಾರ್ಖಾನೆ, ಒಂದೇ ದಾರಿ, ಹೋಗುವಾಗ ಬರುವಾಗ ಒಂದೇ ಸೈಕಲ್ಲು. ಹಿಂದೆ ಕೂತವರು ಹೇಳಿದ್ದು ಮುಂದೆ ಇದ್ದವನಿಗೆ ಗಾಳಿಯಲ್ಲಿ ಅರ್ಧ ಕೇಳಿ, ಉಳಿದರ್ಧಕ್ಕೆ ಮನೆಗೆ ಬಂದು ಜಗಳ.

ಜಗಳ ಜೋರಾದದ್ದು ಕಾಕಂಬಿ ಸಿಗದೇ ಹೋದ ವರ್ಷ. ಅಲ್ಲಿಯ ತನಕ ಬೂಷ್ಟಿಗೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಾಕಂಬಿಯನ್ನೇ ಹಾಕುತ್ತಿದ್ದರು. ಹೆಂಡದ ಕಂಪನಿಯವರು ಅದನ್ನೆಲ್ಲ ಎತ್ತಿಕೊಂಡು ಹೋಗತೊಡಗಿದ ಮೇಲೆ ಮಾಲೀಕರು ಬೇರೆ ದಾರಿ ಹುಡುಕಿದರು. ಸುತ್ತಮುತ್ತ ಮೆಕ್ಕೆಜೋಳದ ಕಾಳು ಬಿಡಿಸಿ ಎಸೆದ ದಿಂಡು ರಾಶಿಗಟ್ಟಲೆ ಬಿದ್ದಿರುತ್ತಿತ್ತು. ಅದನ್ನು ಪುಡಿ ಮಾಡಿ, ತೆಳು ಆಸಿಡ್ಡಿನಲ್ಲಿ ಹಬೆ ಕೊಟ್ಟು ಬೇಯಿಸಿದರೆ ದಿಂಡಿನೊಳಗಿನ ಸಕ್ಕರೆ ನೀರಿಗಿಳಿಯುತ್ತದೆ, ಆ ನೀರನ್ನೇ ಬೂಷ್ಟಿಗೆ ಕೊಡೋಣ ಎಂದು ಯೋಚನೆ. ಬೇಯಿಸುವುದಕ್ಕೆ ಎರಡಂತಸ್ತಿನಷ್ಟು ಎತ್ತರದ ಉಕ್ಕಿನ ಹಂಡೆ ಬಂತು. ಅದರ ಆಪರೇಟರ್ ಆಗಿ ನಮ್ಮಣ್ಣನನ್ನು ಹಾಕಿದರು. ವಾರದೊಳಗೆ ಅವನಿಗೂ ಹೆಸರು ಬಿತ್ತು: ಹಂಡೆಯಣ್ಣ.

ಹಂಡೆಯಣ್ಣ ಬೇಯಿಸಿದ್ದನ್ನು ಬೂಷ್ಟಕ್ಕನ ಬೂಷ್ಟು ಮುಟ್ಟಲಿಲ್ಲ. ಮೊದಲ ಟ್ಯಾಂಕಿಗೆ ಬೀಜ ಹಾಕಿ ಕಾದೇ ಕಾದರು. ಕಂದು ನೀರು ಕಂದಾಗಿಯೇ ಇತ್ತು. ಒಂದು ಎಳೆ ಚಿಗುರಲಿಲ್ಲ. ಎರಡನೆಯ ಟ್ಯಾಂಕಿನಲ್ಲಿ ಚಿಗುರಿತು, ಆದರೆ ಸೊರಗಿದ ಹತ್ತಿಯ ಹಾಗೆ ಅಲ್ಲಲ್ಲಿ ತೇಲಿತು. ಹುಳಿ ಇಲ್ಲವೇ ಇಲ್ಲ.

"ನಾನು ಬೇಯಿಸಿದ್ದು ನಿನ್ನ ಬೂಷ್ಟಿಗೆ ಹಿಡಿಸಲ್ವೇನೇ?" ಎಂದ ಅಣ್ಣ, ಅಡಿಗೆಮನೆ ಬಾಗಿಲಲ್ಲಿ ನಿಂತು.

"ಸೀದಿರುತ್ತೆ ಕಣ್ರೀ. ಸಕ್ಕರೆ ಬಂದ ಮೇಲೂ ಬೇಯಿಸಿದರೆ ಅದೇ ಸಕ್ಕರೆ ಕೆಟ್ಟು ಸೀದ ಬಾದಾಮಿ ವಾಸನೆಯ ವಿಷ ಆಗುತ್ತೆ. ಜೊತೆಗೆ ದಿಂಡಿನಿಂದ ವಿನಿಗರ್ ಥರದ್ದೊಂದು ಹೊರಗೆ ಬರುತ್ತೆ. ನಾರನ್ನ ಹಿಡಿದಿಟ್ಟ ಅಂಟು ಕರಗಿ ಅದೂ ಸೇರುತ್ತೆ. ಸಕ್ಕರೆ ಒಂದು, ಅದರ ಬೆನ್ನಿಗೆ ಬಿದ್ದ ನೆಂಟರು ಮೂವರು. ಬೂಷ್ಟು ಪಾಪ ಏನು ಮಾಡುತ್ತೆ?"

"ಕಡಿಮೆ ಬೇಯಿಸಿದ್ರೆ ಸಕ್ಕರೆ ಇಳಿಯಲ್ಲ. ಆಮೇಲೆ ಮ್ಯಾನೇಜರ್ ನನ್ನ ಬೇಯಿಸ್ತಾರೆ."

ಅಮ್ಮ ಕೂತಲ್ಲಿಂದಲೇ ನಗುತ್ತಿದ್ದಳು. "ಸೊಸೆ ಅಡಿಗೆ ಸರಿ ಇಲ್ಲ ಅಂತ ಅತ್ತೆ ದೂರೋದು ಕೇಳಿದ್ದೆ. ಗಂಡನ ಅಡಿಗೆ ಸರಿ ಇಲ್ಲ ಅಂತ ಹೆಂಡತಿ ದೂರೋದು ನಮ್ಮನೇಲೇ ನೋಡಿದ್ದು."

ಅತ್ತಿಗೆ ಬಿಡುವವರಲ್ಲ. ಬೆಂದ ನೀರಿಗೆ ಸುಣ್ಣ ಹಾಕಿ ನೋಡಿದರು. ಒಂದಿಷ್ಟು ವಿಷ ತಳಕ್ಕೆ ಕೂತಿತು, ಜೊತೆಗೆ ಒಂದಿಷ್ಟು ಸಕ್ಕರೆಯೂ ಹಾಳಾಯಿತು. ಇದ್ದಿಲ ಪುಡಿಯಲ್ಲಿ ಸೋಸಿದರು; ಬಣ್ಣ ಹೋಯಿತು, ಬೂಷ್ಟು ಚಿಗುರಿತು, ಆದರೆ ಕಾಕಂಬಿಯಲ್ಲಿ ಬಿಡುತ್ತಿದ್ದ ಹುಳಿಯ ಅರ್ಧದಷ್ಟೂ ಬಿಡಲಿಲ್ಲ. ಬಾದಾಮಿ ವಾಸನೆ ಮಾತ್ರ ಹಾಗೇ ಉಳಿಯಿತು. ಸಂಜೆ ಅಣ್ಣನ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು. ಕೆಟ್ಟ ವಾಸನೆಯೇನಲ್ಲ, ಬೇಕರಿ ಮುಂದೆ ಹೋದ ಹಾಗೆ ಇರುತ್ತಿತ್ತು. ಅಂಗಿ ಒಗೆಯಲು ಹಾಕುವಾಗ ನಾನು ಮೂಸುತ್ತಿದ್ದೆ.

ಒಂದು ಸಂಜೆ ಇಬ್ಬರೂ ಸೈಕಲ್ಲಿನಿಂದ ಇಳಿಯುವಾಗಲೇ ಅತ್ತಿಗೆ ಹೇಳುತ್ತಿದ್ದರು, "ಅದು ಹಬೆ ಜೊತೆ ಹಾರಿಹೋಗುತ್ತೆ ಕಣ್ರೀ. ಚಿಕ್ಕ ಫ್ಲಾಸ್ಕಿನಲ್ಲಿ ನೋಡಿದೆ. ಬೇಯಿಸೋದು ಮುಗಿದ ಮೇಲೆ ಮೇಲಿನಿಂದ ಒಂದಷ್ಟು ಹೊತ್ತು ಹಬೆ ಹೊರಗೆ ಬಿಟ್ಟರೆ ಸಾಕು. ನಿಮ್ಮ ಹಂಡೆ ನೆತ್ತಿ ಮೇಲೆ ಒಂದು ಪೈಪು ಇದೆಯಲ್ಲ?"

"ಅದು ತೊಳೆಯೋವಾಗ ಗಾಳಿ ಹೋಗಲಿ ಅಂತ ಇಟ್ಟ ಪೈಪು. ಸಣ್ಣದು. ಬಿಸಿ ಇರೋವಾಗ ತೆಗೆದರೆ ನಾರೆಲ್ಲ ಎದ್ದು ಬಂದು ಕಟ್ಟಿಕೊಳ್ಳುತ್ತೆ."

"ನಿಧಾನವಾಗಿ ತೆಗೆದರೆ?"

ಅಣ್ಣ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. "ನಿಧಾನವಾಗಿ ತೆಗೆದರೆ ಆಗಬಹುದು" ಎಂದ.

ಮರುದಿನ ಮ್ಯಾನೇಜರಿಗೆ ಹೇಳಿದರು. ಅವರು ಒಳ್ಳೆಯ ಮನುಷ್ಯ, ಆದರೆ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಕೊಂಡವರು. ದೊಡ್ಡ ಪೈಪು ಹಾಕಿಸುವುದು ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸಿದಾಗ ಆಗಬೇಕಾದ ಕೆಲಸ, ಅಲ್ಲಿಯ ತನಕ ಹುಷಾರಾಗಿ ಹೀಗೇ ನಡೆಸಿ ಅಂದರು. ಅಣ್ಣ ಹುಷಾರಾಗಿಯೇ ನಡೆಸಿದ. ಪ್ರತಿ ಸಲ ಏಣಿ ಹತ್ತಿ, ನೆತ್ತಿಯ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಮಂಡಿಯೂರಿ, ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿ, ಹಬೆ ಬಿಡುತ್ತಿದ್ದ. ಕಾರ್ಖಾನೆಯ ಆ ಮೂಲೆಯೆಲ್ಲ ಬಾದಾಮಿ ವಾಸನೆ.

ಬೂಷ್ಟು ಚಿಗುರಿತು. ಬರೀ ಚಿಗುರಲಿಲ್ಲ, ಸಾಸಿವೆ ಕಾಳಿನಂಥ ಗುಂಡುಗುಂಡು ಉಂಡೆಗಳಾಗಿ ಟ್ಯಾಂಕಿನ ತುಂಬ ಸುತ್ತಿತು. ಹಾಗೆ ಉಂಡೆ ಕಟ್ಟಿದರೆ ಹುಳಿ ಬರುತ್ತದೆ ಎಂದು ಅರ್ಥ. ಬಂತು. ಕಾಕಂಬಿಯಲ್ಲಿ ಬರುತ್ತಿದ್ದಷ್ಟೇ ಬಂತು. ದಿಂಡಿನಿಂದ ತೆಗೆದ ಮೊದಲ ಹರಳುಗಳನ್ನು ಅಣ್ಣ ಕಾಗದದಲ್ಲಿ ಕಟ್ಟಿ ತಂದ. ಅಮ್ಮ ನಾಲಿಗೆಗೆ ಹಚ್ಚಿಕೊಂಡು ಒಂದು ಕಣ್ಣು ಮುಚ್ಚಿದಳು. "ನಿಮ್ಮಿಬ್ಬರ ಸಂಸಾರದ ರುಚಿ ಇದೇ ಏನ್ರೋ!" ಅಂದಳು. ಅತ್ತಿಗೆ ಆವತ್ತು ನಕ್ಕಷ್ಟು ನಕ್ಕಿದ್ದನ್ನು ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ವಾರ್ಷಿಕ ರಿಪೇರಿ ಹತ್ತಿರ ಬಂದಿತ್ತು. ದೊಡ್ಡ ಪೈಪು ಬಂದು ಅಂಗಳದಲ್ಲಿ ಬಿದ್ದಿತ್ತು. ಆಗ ಒಂದು ಬೆಳಿಗ್ಗೆ, ಟೀ ಸಮಯ ಮುಗಿದ ಸ್ವಲ್ಪ ಹೊತ್ತಿಗೆ, ಅಣ್ಣ ವಾಲ್ವು ತಿರುಗಿಸಿದ, ಹಬೆ ಬರಲಿಲ್ಲ. ಇನ್ನೂ ತಿರುಗಿಸಿದ. ಇಲ್ಲ. ಹಂಡೆಯ ಒತ್ತಡ ಇಳಿದಿದೆಯೇನೋ ಎಂದು ಕೆಳಗಿದ್ದವನನ್ನು ಕೂಗಿ ಕೇಳಿದನಂತೆ. ಕೆಳಗಿದ್ದವನು ಒತ್ತಡದ ಮುಳ್ಳು ನೋಡಿ ಉತ್ತರ ಹೇಳುವಷ್ಟರಲ್ಲಿ, ಪೈಪಿನ ಬಾಯಿಗೆ ಬಿರಡೆಯ ಹಾಗೆ ಕಟ್ಟಿಕೊಂಡಿದ್ದ ನಾರಿನ ಮುದ್ದೆ ಒಮ್ಮೆಲೇ ಬಿಟ್ಟುಕೊಂಡಿತು. ವಾಲ್ವಿನ ಕೆಳಗಿನ ಹಳೆಯ ವಾಷರು ಹರಿಯಿತು. ಹಬೆ, ಕುದಿಯುವ ಆಸಿಡ್ ನೀರು, ಎಲ್ಲವೂ ಅವನ ಎದೆ ಮುಖದ ಮೇಲೆ.

ಸೈರನ್ ಕೂಗಿದಾಗ ಅತ್ತಿಗೆ ತಮ್ಮ ಕೋಣೆಯಲ್ಲಿ ದೀಪದ ಮುಂದೆ ಕೂತು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಬೀಜ ದಾಟಿಸುತ್ತಿದ್ದರು. ಅದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಸೈರನ್ ಕೇಳಿಸ್ತು. ಯಾವ ಕಡೆಯಿಂದ ಅಂತಲೂ ಗೊತ್ತಾಯ್ತು. ಆದರೂ ನನ್ನ ಕೈ ನಿಲ್ಲಲಿಲ್ಲ ಕಣೆ. ಟ್ಯೂಬಿನ ಬಾಯಿ ದೀಪಕ್ಕೆ ತೋರಿಸಿದೆ, ಹತ್ತಿ ಬಿರಡೆ ಹಾಕಿದೆ, ಸ್ಟ್ಯಾಂಡಿನಲ್ಲಿ ಇಟ್ಟೆ, ದೀಪ ಆರಿಸಿದೆ. ಆಮೇಲೆ ಓಡಿದೆ." ಅಷ್ಟೂ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಒಂದು ಉಸಿರು, ಎರಡು ಉಸಿರು. ಅವರ ಪಾಲಿಗೆ ಅದು ಇವತ್ತಿಗೂ ಮುಗಿದಿಲ್ಲ.

ಆಸ್ಪತ್ರೆಯಲ್ಲಿ ಅಣ್ಣ ಒಂದೆರಡು ದಿನ ಮಾತಾಡಿದ. ಮುಖವೆಲ್ಲ ಬಟ್ಟೆ ಸುತ್ತಿದ್ದರು, ತುಟಿ ಮಾತ್ರ ಕಾಣುತ್ತಿತ್ತು. ಅಮ್ಮನಿಗೆ, "ಏನಿಲ್ಲಮ್ಮ, ಸ್ವಲ್ಪ ಬಿಸಿ ತಾಗಿದೆ" ಅಂದ. ನನಗೆ, "ಅಂಗಡಿ ಮುಚ್ಚಿಕೊಂಡು ಬಂದು ಕೂರಬೇಡ ಹೋಗು" ಅಂದ. ಅತ್ತಿಗೆ ಪಕ್ಕದಲ್ಲಿ ಕೂತಾಗ, "ಟ್ಯಾಂಕು ಹೇಗಿದೆ?" ಅಂದ.

"ಚೆನ್ನಾಗಿದೆ."

"ಉಂಡೆ ಕಟ್ಟಿದೆಯಾ?"

"ಕಟ್ಟಿದೆ ಕಣ್ರೀ. ನೀವು ಸುಮ್ಮನೆ ಮಲಗಿ."

"ಹಾಗಾದ್ರೆ ಸರಿ" ಅಂದ. ಅತ್ತಿಗೆಗೆ ಟ್ಯಾಂಕು ಹೇಗಿದೆ ಅಂತ ಗೊತ್ತೇ ಇರಲಿಲ್ಲ. ಕಾರ್ಖಾನೆ ಕಡೆ ತಲೆ ಹಾಕಿರಲೇ ಇಲ್ಲ. ಮಾರನೆಯ ದಿನ ಜ್ವರ ಏರಿತು, ಮಾತು ನಿಂತಿತು. ಅದಾದ ಮೇಲೆ ನಮ್ಮನ್ನು ಒಳಗೆ ಬಿಡಲಿಲ್ಲ. ಬೆಳಕು ಹರಿದು ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದು ಮೊದಲು ಅಮ್ಮನನ್ನು ನೋಡಿದರು, ಆಮೇಲೆ ಅತ್ತಿಗೆಯನ್ನು ನೋಡಿದರು. ಯಾರಿಗೆ ಹೇಳಬೇಕೆಂದು ತಿಳಿಯದೆ ಗೋಡೆಗೆ ಹೇಳಿದ ಹಾಗೆ ಹೇಳಿ ಹೋದರು.

ವಿಚಾರಣೆಗೆ ಅಂತ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮ್ಯಾನೇಜರ್ ತಪ್ಪಿಸಿಕೊಳ್ಳಲಿಲ್ಲ. "ದೊಡ್ಡ ಪೈಪು ಬರೋ ತನಕ ಹೀಗೇ ನಡೆಸಿ ಅಂದಿದ್ದು ನಾನೇ" ಎಂದು ಎಲ್ಲರೆದುರು ಒಪ್ಪಿಕೊಂಡರು. ಅವರನ್ನು ಬೇರೆ ಕಡೆಗೆ ಕಳಿಸಿದರು, ಹೊಸ ಮ್ಯಾನೇಜರ್ ಬಂದರು. ನಮಗೆ ಅದರಿಂದ ಏನೂ ಹಗುರಾಗಲಿಲ್ಲ.

ಅತ್ತಿಗೆ ಸುಮ್ಮನಿದ್ದಿದ್ದರೆ ಅಮ್ಮನಿಗೆ ಒಳಗಿನ ವಿಷಯ ತಿಳಿಯುತ್ತಲೇ ಇರಲಿಲ್ಲ. ಬಂದುಹೋಗುವವರೆಲ್ಲ ನಿಂತ ಮೇಲೆ ಒಂದು ಮಧ್ಯಾಹ್ನ ಅವರೇ ಅಮ್ಮನ ಮುಂದೆ ನೆಲದ ಮೇಲೆ ಕೂತರು. ನಾನು ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿಯುವುದನ್ನು ನಿಲ್ಲಿಸಿದೆ.

"ಅತ್ತೆ, ಆ ವಾಲ್ವು ತೆಗೀರಿ ಅಂತ ಅವರಿಗೆ ಹೇಳಿದ್ದು ನಾನು. ನನ್ನ ಬೂಷ್ಟಿಗೋಸ್ಕರ."

ಅಮ್ಮ ಅವರ ಮುಖ ನೋಡಿದಳು. ಆಮೇಲೆ ಎದ್ದು, ಹಿತ್ತಲ ಬಾಗಿಲು ತೆಗೆದು, ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದಳು. ಬಟ್ಟೆ ಇನ್ನೂ ಒದ್ದೆ ಇತ್ತು.

ಅಂದಿನಿಂದ ಅಮ್ಮ ಅವರ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಶಪಿಸಲಿಲ್ಲ. ಹಾಗಾದರೂ ಮಾಡಿದ್ದರೆ ಚೆನ್ನಾಗಿತ್ತು. ಅಡಿಗೆ ಮಾಡಿ ಅವರ ಪಾಲು ಮುಚ್ಚಿಡುತ್ತಿದ್ದಳು, ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದಳು. "ಅವಳಿಗೆ ಹೇಳು, ನೀರು ಬೆಳಿಗ್ಗೆ ಬರಲ್ವಂತೆ." ಅತ್ತಿಗೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಅತ್ತಿಗೆಯ ಅಣ್ಣ ಬಂದು, "ಬಾ, ನಮ್ಮನೆಗೆ ಹೋಗೋಣ. ಇಲ್ಲಿ ಇನ್ನೇನಿದೆ ನಿನಗೆ?" ಎಂದು ಕರೆದ. "ಅತ್ತೆ ಹೋಗು ಅಂದರೆ ಹೋಗ್ತೀನಿ" ಅಂದರು ಅತ್ತಿಗೆ. ಅಮ್ಮ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಆತ ಬಂದ ದಾರಿಗೆ ಸುಂಕವಿಲ್ಲದ ಹಾಗೆ ವಾಪಸು ಹೋದ.

ಅತ್ತಿಗೆ ಕೆಲಸಕ್ಕೆ ಹಿಂತಿರುಗಿದರು. ಈಗ ನಡೆದುಕೊಂಡು ಹೋಗುತ್ತಿದ್ದರು. ಸೈಕಲ್ಲನ್ನು ಯಾರೂ ಮುಟ್ಟಲಿಲ್ಲ. ದೊಡ್ಡ ಪೈಪು ಹಾಕಿ ಆಗಿತ್ತು, ಕೆಳಗಿನಿಂದಲೇ ತಿರುಗಿಸುವ ಹೊಸ ವಾಲ್ವು ಬಂದಿತ್ತು, ಹಂಡೆಗೆ ಹೊಸ ಆಪರೇಟರ್ ಬಂದಿದ್ದ. ಹೊಸದಾಗಿ ಮದುವೆಯಾದವನು. ಅತ್ತಿಗೆ ಹೊಸ ಮ್ಯಾನೇಜರ ಹತ್ತಿರ ಹೋಗಿ, ಹಬೆ ಬಿಡದೇ ಇದ್ದರೂ ಬದುಕುವಂಥ ಬೂಷ್ಟು ಬೆಳೆಸುತ್ತೇನೆ, ಅವಕಾಶ ಕೊಡಿ ಅಂದರು.

"ಹೊಸ ಪೈಪು ಹಾಕಿದ್ದೀವಲ್ಲಮ್ಮ. ಈಗೇನೂ ಭಯ ಇಲ್ಲ."

"ಪೈಪು ಅಂದಮೇಲೆ ಒಂದು ದಿನ ಕಟ್ಟಿಕೊಳ್ಳುತ್ತೆ ಸರ್. ಬಾದಾಮಿ ವಾಸನೆಯದ್ದು ನೀರಿನಲ್ಲೇ ಇರಲಿ. ಬೂಷ್ಟು ಕಲಿತುಕೊಳ್ಳಲಿ."

ಕಲಿಸುವುದು ಹೇಗೆ ಅಂತ ನಾನು ಕೇಳಿದ್ದೆ. ಮಕ್ಕಳಿಗೆ ಖಾರ ಅಭ್ಯಾಸ ಮಾಡಿಸಿದ ಹಾಗೆ ಅಂದರು. ಒಳ್ಳೆಯ ಸಿಹಿನೀರಿಗೆ ದಿಂಡು ಬೇಯಿಸಿ ಹಬೆ ಬಿಡದ ಹಸೀ ನೀರು ಒಂದು ಚೂರು ಬೆರೆಸಿ ಬೀಜ ಹಾಕುವುದು. ಹೆಚ್ಚಿನವು ಸಾಯುತ್ತವೆ. ಬದುಕಿದವುಗಳ ಬೀಜ ತೆಗೆದು, ಇನ್ನೊಂದು ಚೂರು ಹೆಚ್ಚು ಬೆರೆಸಿದ ನೀರಿಗೆ ಹಾಕುವುದು. ಮತ್ತೆ ಹೆಚ್ಚಿನವು ಸಾಯುತ್ತವೆ. ಹೀಗೇ ಬೇಸಿಗೆ ಹೋಯಿತು, ಮಳೆ ಹೋಯಿತು, ಚಳಿ ಬಂತು. ಬದುಕಿ ಉಳಿದ ಬೂಷ್ಟು ಕೊನೆಗೆ ಆ ವಿಷವನ್ನೇ ಮೊದಲು ಮುರಿದು ಅಪಾಯವಿಲ್ಲದ ಬೇರೆ ಪದಾರ್ಥ ಮಾಡಿಕೊಂಡು, ಅದಾದ ಮೇಲೆ ಸಕ್ಕರೆಗೆ ಬಾಯಿ ಹಾಕುವುದನ್ನು ಕಲಿಯಿತು. ಹಸೀ ನೀರಿನಲ್ಲೇ, ಒಂದಿಷ್ಟು ತಡವಾಗಿ, ಚಿಗುರಿತು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಆದರೆ ಹುಳಿ ಅಳೆದು ನೋಡಿದರೆ ಇಲ್ಲ. ಬೂಷ್ಟು ದಪ್ಪಗೆ, ಕೊಬ್ಬಿ, ಟ್ಯಾಂಕಿನ ತುಂಬ ಬೆಳೆದಿತ್ತು. ತಿಂದದ್ದನ್ನೆಲ್ಲ ಮೈಗೇ ಹಾಕಿಕೊಂಡಿತ್ತು. ವಿಷ ತಡೆಯುವುದನ್ನು ಕಲಿಯುತ್ತಾ ಕಲಿಯುತ್ತಾ ಹುಳಿ ಬಿಡುವುದನ್ನೇ ಮರೆತಿತ್ತು.

ಆವತ್ತು ಸಂಜೆ ಅತ್ತಿಗೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಡಿಗೆಮನೆಯ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟರು. ಲೋಟ ತೊಳೆಯುತ್ತಿದ್ದಾರೆ ಅಂದುಕೊಂಡೆ. ನೀರಿನ ಸದ್ದಿನ ನಡುವೆ ಇನ್ನೊಂದು ಸದ್ದು ಬರುತ್ತಿತ್ತು. ಅಣ್ಣ ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ. ನಾನು ಎದ್ದು ಹೋಗುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನಾಯ್ತು?" ಅಂದಳು. ಎಷ್ಟೋ ತಿಂಗಳ ಮೇಲೆ ಅವರಿಗೇ ಆಡಿದ ಮಾತು. ಅತ್ತಿಗೆ ನಂಬಲಾರದೆ ನನ್ನ ಕಡೆ ನೋಡಿದರು.

"ನಿನ್ನನ್ನೇ ಕೇಳಿದ್ದು."

"ಹುಳಿ ಬರ್ತಾ ಇಲ್ಲ ಅತ್ತೆ. ಎಲ್ಲ ಮಾಡಿದೆ. ಬದುಕ್ತು, ಆದರೆ ಹುಳಿ ಬರ್ತಾ ಇಲ್ಲ."

ಅಮ್ಮ ಮುಂದೆ ಹೋಗಿ ನಲ್ಲಿ ನಿಲ್ಲಿಸಿದಳು. ಆಮೇಲೆ ಅಮ್ಮ ಕೇಳಿದಳು, "ಅವನಿಗೆ ಗೊತ್ತಿತ್ತಾ? ಆ ವಾಲ್ವು ತೆಗೆದರೆ ಹಾಗಾಗಬಹುದು ಅಂತ?"

"ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು."

"ಗೊತ್ತಿದ್ದೂ ತೆಗೆದ."

"ಹೂಂ."

"ನೀನು ಕೇಳಿದೆ ಅಂತ."

ಅತ್ತಿಗೆ ಹೌದೆಂದು ತಲೆಯಾಡಿಸಿದರು. "ಚಿಕ್ಕವನಿದ್ದಾಗಲೂ ಹಾಗೇ" ಅಂದಳು ಅಮ್ಮ. "ಯಾರಾದರೂ ಬಾಯಿ ಬಿಟ್ಟು ಕೇಳಿಬಿಟ್ಟರೆ ಇಲ್ಲ ಅನ್ನೋದಕ್ಕೆ ಬರ್ತಿರಲಿಲ್ಲ ಅವನಿಗೆ. ಅದನ್ನ ನಾನಾದರೂ ಕಲಿಸಬೇಕಿತ್ತು." ಅಷ್ಟು ಹೇಳಿ ಸೆರಗಿನಿಂದ ಅತ್ತಿಗೆಯ ಮುಖ ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ತನ್ನದನ್ನು. ನಾನು ಅಂಗಡಿಗೆ ಬಂದು ಯಾರದೋ ತೋಳು ಯಾರದೋ ಅಂಗಿಗೆ ಹೊಲಿದುಬಿಟ್ಟೆ.

ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಮಾತಂತೂ ಶುರುವಾಯಿತು. ಅತ್ತಿಗೆ ಬಂದ ಕೂಡಲೇ ಅಮ್ಮ, "ಏನಂತೆ ನಿನ್ನ ಬೂಷ್ಟು?" ಅಂತ ಕೇಳುವುದು ರೂಢಿಯಾಯಿತು. ಉತ್ತರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಕೇಳುತ್ತಿದ್ದಳು.

ಅತ್ತಿಗೆ ಮತ್ತೆ ಹಿಂದಕ್ಕೆ ಹೋದರು. ಎಲ್ಲಿ ತಪ್ಪಿತು ಅಂತ ಆಮೇಲೆ ಹೊಳೆಯಿತಂತೆ: ಪ್ರತಿ ಸಲವೂ ಬೇಗ ಬೆಳೆದದ್ದನ್ನು, ದಪ್ಪಗಿದ್ದದ್ದನ್ನು ಆರಿಸಿಕೊಂಡಿದ್ದರು. ಈ ಸಲ ತಟ್ಟೆಯಲ್ಲಿ ಬೂಷ್ಟಿಗೆ ಹಾಕುವ ಆಹಾರಕ್ಕೆ ಒಂದು ಹಸಿರು ಬಣ್ಣ ಸೇರಿಸಿದರು. ಹುಳಿ ಬಿಟ್ಟ ಕಡೆ ಆ ಹಸಿರು ಹಳದಿಗೆ ತಿರುಗುತ್ತದೆ. ತಟ್ಟೆಯ ಮೇಲೆ ಎದ್ದ ಚುಕ್ಕೆಗಳಲ್ಲಿ ದೊಡ್ಡವನ್ನೆಲ್ಲ ಬಿಟ್ಟು, ಸುತ್ತ ಹಳದಿ ಉಂಗುರ ಇರುವುದನ್ನು ಮಾತ್ರ ಹುಡುಕಿದರು. ಮತ್ತೊಂದು ಬೇಸಿಗೆ ಕಳೆಯಿತು. ಕೊನೆಗೆ ಸಿಕ್ಕಿದ್ದು ಒಂದು ಬಡಕಲು ಚುಕ್ಕೆ. ಅಂಚು ಹರಿದಿತ್ತು, ಕಪ್ಪು ಪುಡಿಯೂ ಸರಿಯಾಗಿ ಕೂತಿರಲಿಲ್ಲ. ಸುತ್ತ ಮಾತ್ರ ಅಗಲವಾದ ಹಳದಿ.

ಆ ಬಡಕಲು ಚುಕ್ಕೆಯ ಬೀಜದಿಂದ, ಹಬೆ ಬಿಡದ ಹಸೀ ನೀರಿನಲ್ಲಿ, ದೊಡ್ಡ ಟ್ಯಾಂಕು ಗೆದ್ದಿತು. ಹುಳಿ ಮೊದಲಿನಷ್ಟೇ ಬಂತು, ಒಂದು ತೂಕ ಹೆಚ್ಚೇ ಬಂತು. ಹಂಡೆಯ ನೆತ್ತಿಯಿಂದ ಹಬೆ ಬಿಡುವ ಅಗತ್ಯ ತೀರಿತು. ನೆತ್ತಿಯ ಪೈಪಿನ ಬಾಯಿಗೆ ತಗಡು ಇಟ್ಟು ಬೆಸುಗೆ ಹಾಕುವ ದಿನ ಅತ್ತಿಗೆ ಏಣಿ ಹತ್ತಿ ಮೇಲೆ ಹೋದರು. ಅಣ್ಣ ಹೋದ ಮೇಲೆ ಅಲ್ಲಿಗೆ ಹೋಗಿದ್ದು ಅದೇ ಮೊದಲು. ಬೆಸುಗೆಯವನು ಕಿಡಿ ಹಾರುತ್ತೆ, ಕಣ್ಣು ಮುಚ್ಚಿಕೊಳ್ಳಿ ಅಂದನಂತೆ. ಇವರು ಆ ಕಡೆ ಮುಖ ತಿರುಗಿಸಿ, ಜಾಲರಿಯ ಸಂದಿಯಲ್ಲಿ ಕೆಳಗೆ ನೋಡುತ್ತಾ ನಿಂತರು. ಕೆಳಗೆ ಹೊಸ ಆಪರೇಟರ್ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ. "ಅವನು ಡಬ್ಬಿ ಮುಚ್ಚಳದಲ್ಲಿ ಉಪ್ಪಿನ ಪೊಟ್ಟಣ ಹುಡುಕ್ತಾ ಇದ್ದ" ಅಂದರು ಅತ್ತಿಗೆ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅಷ್ಟರಲ್ಲಾಗಲೇ ಅವರಿಗೆ ಕೆಮ್ಮು ಹಿಡಿದಿತ್ತು. ಮೊದಲು ಧೂಳು ಅಂದರು, ಆಮೇಲೆ ಶೀತ ಅಂದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಏನೋ ನೆನಪಾದವರ ಹಾಗೆ ನಟಿಸುವುದನ್ನು ನಾನೇ ಗಮನಿಸಿದೆ. ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಎದೆಯ ಚಿತ್ರ ತೆಗೆಸಿ, ಏನು ಕೆಲಸ ಮಾಡುತ್ತೀರಿ ಅಂತ ಕೇಳಿದರು. ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. ಅಷ್ಟು ವರ್ಷ ಉಸಿರಿನ ಜೊತೆ ಒಳಗೆ ಹೋದ ಕಪ್ಪು ಪುಡಿಯನ್ನು ಅವರ ಮೈ ಇನ್ನು ಸಹಿಸುತ್ತಿಲ್ಲ; ಆ ಕೋಣೆಗೆ ಮತ್ತೆ ಕಾಲಿಡಬಾರದು ಅಂದರು. ಹೋದ ಶ್ವಾಸಕೋಶ ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ.

"ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ?" ಅಂತ ಕೇಳಿದರು ಅತ್ತಿಗೆ, ಪುಟ್ಟ ಹುಡುಗಿಯ ಹಾಗೆ. ಡಾಕ್ಟರು ಬೇಡವೆಂದು ತಲೆಯಾಡಿಸಿದರು.

ಕೋಣೆಯನ್ನು ಇನ್ನೊಬ್ಬಳಿಗೆ ವಹಿಸಿ, ಕೆಲವು ತಿಂಗಳು ಆಫೀಸಿನ ಮೇಜಿನ ಹಿಂದೆ ಕೂತರು. ಅದೇ ಹೊತ್ತಿಗೆ ಕಾರ್ಖಾನೆ ಬೇರೆಯವರ ಕೈಗೆ ಹೋಯಿತು. ಹೊಸ ಮಾಲೀಕರಿಗೆ ದಿಂಡು, ಹಂಡೆ ಯಾವುದೂ ಬೇಡ. ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಶುದ್ಧ ಸಿರಪ್ಪು ತರಿಸುತ್ತಾರೆ, ಅದಕ್ಕೆ ಒಗ್ಗಿದ ಬೂಷ್ಟನ್ನು ಅವರೇ ತರುತ್ತಾರೆ. ಹಂಡೆಯನ್ನು ಕತ್ತರಿಸಿ ಲಾರಿಗೆ ಹೇರಿದರು. ಹಳೆಯ ಬೂಷ್ಟು ಹೊಸದರ ಜೊತೆ ಬೆರೆಯಬಾರದು, ಎಲ್ಲ ಟ್ಯೂಬುಗಳನ್ನೂ ಹಬೆಯಲ್ಲಿ ಬೇಯಿಸಿ ಸಾಯಿಸಿ ಎಂದು ಆಜ್ಞೆ ಬಂತು. ಅದಕ್ಕೊಂದು ಯಂತ್ರ ಇರುತ್ತದೆ, ಆಳೆತ್ತರದ ಪ್ರೆಶರ್ ಕುಕ್ಕರಿನ ಹಾಗೆ.

"ನಾನೇ ಇಡ್ತೀನಿ" ಅಂದರಂತೆ ಅತ್ತಿಗೆ. ಒಳಗೆ ಹೋಗಲು ಬಿಡಲಿಲ್ಲವಾದ್ದರಿಂದ ಹೊಸ ಹುಡುಗಿ ಟ್ಯೂಬುಗಳನ್ನು ಬುಟ್ಟಿಯಲ್ಲಿ ಹೊರಗೆ ತಂದುಕೊಟ್ಟಳು. ಇವರು ಎಲ್ಲ ಬಿರಡೆಗಳನ್ನೂ ಒಂದು ಸಲ ಒತ್ತಿ ನೋಡಿ, ಬುಟ್ಟಿಯನ್ನು ಯಂತ್ರದೊಳಗಿಟ್ಟು, ಬಾಗಿಲು ಬಿಗಿದರು. "ಒಂದು ಟ್ಯೂಬಾದರೂ ಬ್ಯಾಗಿಗೆ ಹಾಕಿಕೊಂಡು ಬರಬಾರದಿತ್ತಾ ಅತ್ತಿಗೆ?" ಅಂತ ನಾನು ಕೇಳಿದೆ. "ತಂದು? ಯಾರು ಉಸಿರಾಡಬೇಕಿತ್ತು ಅದನ್ನ? ನೀನಾ, ಅತ್ತೆಯಾ?" ಅಂದರು.

ಆ ದಿನ ಮನೆಗೆ ಬಂದವರು ಊಟ ಬೇಡವೆಂದು ಮಲಗಿದರು. ಅಮ್ಮ ಮಂಡಿ ಹಿಡಿದುಕೊಂಡು ಎದ್ದು ಹಿಂದಿನ ಕೋಣೆಗೆ ಹೋಗಿ, ಮಂಚದ ಮೇಲೆ ಅಣ್ಣ ಮಲಗುತ್ತಿದ್ದ ಕಡೆ ಕೂತಳು. ಕೂತವಳು ಬೆಳಕು ಹೋಗುವ ತನಕ ಏಳಲಿಲ್ಲ. ಅತ್ತಿಗೆಯ ಬೆನ್ನು ಸವರುತ್ತಿದ್ದಳು; ಕೆಮ್ಮು ಬಂದಾಗ ಕೈ ನಿಲ್ಲಿಸಿ, ನಿಂತ ಮೇಲೆ ಮತ್ತೆ ಸವರುತ್ತಿದ್ದಳು.

ಅಮ್ಮ ಹೋಗಿ ಈಗ ಎರಡನೆಯ ವರ್ಷ. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಎಲ್ಲದಕ್ಕೂ ಸೊಸೆಯೇ ಬೇಕು. ಅವರಿಗೋ ಎರಡು ಹೆಜ್ಜೆಗೆ ಏದುಸಿರು. ಒಬ್ಬರು ಎತ್ತಲಾರರು, ಇನ್ನೊಬ್ಬರು ಏಳಲಾರರು. ಒಬ್ಬರನ್ನೊಬ್ಬರು ಬೈದುಕೊಂಡೇ ಮಗ್ಗುಲು ಬದಲಿಸುತ್ತಿದ್ದರು.

ಈಗ ಅತ್ತಿಗೆ ನನ್ನ ಅಂಗಡಿಯಲ್ಲಿ ಕಿಟಕಿ ಪಕ್ಕ ಕೂತು ಗುಂಡಿಗೆ ಕಾಜ ಹೊಲಿಯುತ್ತಾರೆ. ಕೈ ಇನ್ನೂ ನಡುಗುವುದಿಲ್ಲ. ಮಾತು ಕಡಿಮೆ, ಮಾತಾಡಲು ಉಸಿರು ಬೇಕಲ್ಲ. ಮೊನ್ನೆ ಹಂಡೆಯ ಆ ಹೊಸ ಆಪರೇಟರ್ ಅಂಗಡಿಗೆ ಬಂದಿದ್ದ. ಈಗ ಅವನು ಬೇರೆಲ್ಲೋ ಲಾರಿ ಓಡಿಸುತ್ತಾನೆ. ಮಗಳ ಶಾಲೆಯ ಲಂಗಕ್ಕೆ ಅಳತೆ ಕೊಡಿಸಬೇಕಿತ್ತು. ಮಗು ಒಂದು ಕಡೆ ನಿಲ್ಲುತ್ತಿರಲಿಲ್ಲ. "ನಮಸ್ಕಾರ ಬೂಷ್ಟಕ್ಕ" ಅಂದ ಅವನು. ಅತ್ತಿಗೆ ಮಗುವಿನ ಭುಜ ಹಿಡಿದು ನಿಲ್ಲಿಸಿ, "ಉದ್ದ ಸ್ವಲ್ಪ ಜಾಸ್ತಿ ಇಡು, ಮಗು ಬೆಳೆಯುತ್ತೆ" ಎಂದು ನನಗೆ ಹೇಳಿದರು.